ಮನೆಯವರನ್ನು ಕೇಳಿ

ಈ ಬರಹದಲ್ಲಿ ಕೊರತೆಗಳಿರುತ್ತವೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನಲ್ಲಿ ಓದಿದವರಲ್ಲ. ಒಂದು ರಜೆಯ ಅರ್ಜಿ ಬರೆಯಬೇಕಿದ್ದರೂ ಎರಡು ಹಾಳೆ ಹರಿದು ಮೂರನೆಯದನ್ನು ಕೊಡುವ ಅಭ್ಯಾಸ ನನ್ನದು. ಹೀಗಿರುವಾಗ, ನನಗೆ ಕೆಲಸ ಕಲಿಸಿದ ಒಬ್ಬರ ಬಗ್ಗೆ, ಅವರಿಲ್ಲದ ಈ ಹೊತ್ತಿನಲ್ಲಿ, ಎಷ್ಟು ಸರಿಯಾಗಿ ಬರೆಯಬಲ್ಲೆನೋ ತಿಳಿಯದು. ಘಟನೆಗಳ ಕ್ರಮ ಹಿಂದುಮುಂದಾಗಿದ್ದರೆ, ಮುಖ್ಯವಾದದ್ದೇನಾದರೂ ಬಿಟ್ಟುಹೋಗಿದ್ದರೆ, ಓದುವವರು ಮನ್ನಿಸಬೇಕು. ಅವರ ಹೆಸರನ್ನು ಬರೆಯುತ್ತಿಲ್ಲ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ.

ನಾನು ಅವರನ್ನು ಮೇಡಂ ಎಂದು ಕರೆಯುತ್ತಿದ್ದೆ. ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮುಂದಿನ ಕೋಣೆ ಅವರ ಕಚೇರಿ. ಹಿಂದಿನ ಎರಡು ಕೋಣೆಗಳು ಅವರ ವಾಸ. ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಬಹುಕಾಲ ದುಡಿದು, ನಿವೃತ್ತಿಗೆ ಕೆಲವು ವರ್ಷಗಳಿರುವಾಗಲೇ ಬಿಟ್ಟು ಬಂದು, ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಯ ಅಂಗಡಿಗಳಿಗಾಗಿ ಒಂದು ಸಾಫ್ಟ್‌ವೇರ್ ತಯಾರಿಸಲು ಕುಳಿತಿದ್ದರು. ಫೋನಿನಲ್ಲೇ ಕರೆಯೋಲೆ ಕಳುಹಿಸುವ ಈ ಕಾಲದಲ್ಲಿಯೂ ದೇವರ ಮುಂದೆ ಇಡಲು, ಹಿರಿಯರ ಕೈಗೆ ಕುಂಕುಮ ಹಚ್ಚಿ ಕೊಡಲು ಅಚ್ಚಾದ ಕಾರ್ಡು ಬೇಕೇ ಬೇಕು. ಮನೆಯವರು ವಿವರ ಹೇಳಿದರೆ ಕಂಪ್ಯೂಟರು ತಾನೇ ಕಾರ್ಡನ್ನು ಜೋಡಿಸಿಕೊಡುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ಅಂಗಡಿಯ ಕಂಪ್ಯೂಟರಿನಲ್ಲೇ ಇರುವ, ಇಂಟರ್ನೆಟ್ಟಿನ ಹಂಗಿಲ್ಲದ ಪ್ರೋಗ್ರಾಮು ಅದು.

ಅವರು ಮದುವೆಯಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ, ನಾನು ಕೇಳದಿದ್ದರೂ ನನ್ನ ಮುಖ ನೋಡಿ ಅವರೇ ಹೇಳಿದರು: "ಮದುವೆ ಆಗ್ದೇ ಇರೋರಿಗೆ ಮದುವೆ ಕಾರ್ಡಿನ ಕೆಲಸ ಯಾಕೆ ಅಂತ ತಾನೇ ಯೋಚನೆ? ನಾನು ಪಂಕ್ತೀಲಿ ಕೂತಿಲ್ಲ ನೋಡಿ, ಅದಕ್ಕೇ ನೆಮ್ಮದಿಯಾಗಿ ಬಡಿಸ್ತಿದೀನಿ."

ಎಲ್ಲರನ್ನೂ ಅವರು 'ನೀವು' ಎಂದೇ ಕರೆಯುತ್ತಿದ್ದರು. ಆಗತಾನೇ ಬಿ.ಸಿ.ಎ. ಮುಗಿಸಿ ಬಂದಿದ್ದ ನನ್ನನ್ನೂ, ಹೂವಿನವಳನ್ನೂ, ಗ್ಯಾಸ್ ಸಿಲಿಂಡರ್ ತರುವವನನ್ನೂ. ಪ್ರೋಗ್ರಾಮಿನ ಬಗ್ಗೆ ಮಾತನಾಡುವಾಗಲೂ ಬಹುವಚನವೇ. ಪರದೆ ಇದ್ದಕ್ಕಿದ್ದಂತೆ ನಿಂತುಹೋದರೆ, "ಇವರು ಯಾಕೋ ಮುನಿಸ್ಕೊಂಡಿದಾರೆ, ಏನು ಕೇಳಿದ್ರಿ ಇವರನ್ನ?" ಎನ್ನುತ್ತಿದ್ದರು. ಮೇಜಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಹುರಿಗಡಲೆ ಯಾವಾಗಲೂ ಇರುತ್ತಿತ್ತು. ಯೋಚಿಸುವಾಗ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುವರು. ಉತ್ತರ ಹೊಳೆದೊಡನೆ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚುವರು. ಆ ಸದ್ದಿಗಾಗಿ ನಾನು ಪಕ್ಕದ ಮೇಜಿನಲ್ಲಿ ಕಾಯುತ್ತಿದ್ದೆ. ಕೋಡನ್ನು ಮೊದಲು ಕಾಗದದ ಮೇಲೆಯೇ ಬರೆಯುವುದು ಅವರ ಕ್ರಮ. ಆ ಕಾಗದವೂ ಸುಲ್ತಾನ್‌ಪೇಟೆಯಿಂದ ತಂದ ರದ್ದಿ ಕಾರ್ಡುಗಳ ಹಿಂಬದಿ. ಒಂದು ಕಡೆ ಗಣಪತಿ, ಬಾಳೆಕಂಬ, ಯಾರದೋ ಮುಹೂರ್ತ. ಇನ್ನೊಂದು ಕಡೆ ಅವರ ಪೆನ್ಸಿಲಿನ ಅಕ್ಷರ.

ಇಲ್ಲಿ ನಾನು ಅವರಿಂದ ಮುಚ್ಚಿಟ್ಟಿದ್ದ ಒಂದು ವಿಷಯವನ್ನು ಹೇಳಬೇಕು.

ನಮ್ಮ ಸಾಫ್ಟ್‌ವೇರನ್ನು ಮೊದಲು ಪರೀಕ್ಷೆಗೆ ಇಟ್ಟುಕೊಂಡಿದ್ದ ಅಂಗಡಿಯಲ್ಲಿ ಕಾರ್ಡು ಜೋಡಿಸುತ್ತಿದ್ದವರು ನನ್ನ ತಂದೆ. ಏಳನೆಯ ತರಗತಿಯವರೆಗೆ ಓದಿ, ಸೀಸದ ಅಕ್ಷರಗಳ ಕಾಲದಲ್ಲಿ ಅಚ್ಚುಮೊಳೆ ಜೋಡಿಸಲು ಸೇರಿಕೊಂಡು, ಕಂಪ್ಯೂಟರು ಬಂದಾಗ ಅದನ್ನೂ ಕಲಿತು, ಮೂವತ್ತು ವರ್ಷಕ್ಕೂ ಮೇಲೆ ಅದೇ ಕುರ್ಚಿಯಲ್ಲಿ ಕುಳಿತಿದ್ದರು. ಯಾವ ಮನೆತನದಲ್ಲಿ ಯಾರ ಹೆಸರು ಮೊದಲು ಬರಬೇಕು, ಸೋದರಮಾವನ ಸಾಲು ಎಲ್ಲಿರಬೇಕು, ಕುಲದೇವರ ಹೆಸರು ಒಂದೇ ಸಾಲಿನಲ್ಲಿ ಮುಗಿಯಬೇಕೆನ್ನುವವರು ಯಾರು ಎಂಬುದೆಲ್ಲ ಅವರ ತಲೆಯಲ್ಲಿತ್ತು. ನಾನು ಕೆಲಸಕ್ಕೆ ಸೇರಿದ ಮೇಲೆ, ಮೇಡಂ ಅಂಗಡಿಯ ವಿಳಾಸ ಕೊಟ್ಟು "ಹೋಗಿ ಬನ್ನಿ" ಎಂದಾಗಲೇ ನನಗೆ ಗೊತ್ತಾದದ್ದು. ಆಗ ಹೇಳಬೇಕಿತ್ತು. ಹೇಳಲಿಲ್ಲ. ಕಾರ್ಡು ಜೋಡಿಸುವವರ ಮಗಳೆಂದು ತಿಳಿದರೆ ಏನೆಂದುಕೊಳ್ಳುವರೋ ಎಂಬ ಹಿಂಜರಿಕೆ ಒಂದು. ಇನ್ನೊಂದು, ಅದಕ್ಕಿಂತ ದೊಡ್ಡದು: ಅಂಗಡಿಯ ಮಾಲೀಕರು ಅಪ್ಪನಿಗೆ ಆಗಲೇ ಹೇಳಿಯಾಗಿತ್ತು, "ಈ ಸಾಫ್ಟ್‌ವೇರ್ ಸರಿಹೋದ್ರೆ ಯುಗಾದಿ ಆದ್ಮೇಲೆ ನಿಮಗೆ ರೆಸ್ಟು. ಯಾರು ಬೇಕಾದ್ರೂ ಟೈಪ್ ಮಾಡ್ಬಹುದಂತೆ." ಅಪ್ಪ ಈ ಮಾತನ್ನು ಓಕಳಿಪುರದ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ನಗುತ್ತಲೇ ಹೇಳಿದ್ದರು. ಅಮ್ಮ ನಗಲಿಲ್ಲ. ಮನೆ ನಡೆಯುತ್ತಿದ್ದದ್ದು ಆ ಕುರ್ಚಿಯಿಂದ; ನನ್ನ ಓದು ನಡೆದದ್ದೂ ಅದರಿಂದಲೇ. ಈಗ ನಾನು ನನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅವರ ಕೆಲಸ ಹೋಗುವ ದಿನ ಹತ್ತಿರವಾಗುತ್ತಿತ್ತು.

ಅಂಗಡಿಗೆ ಹೋದ ಮೊದಲ ದಿನ ನಾನು ಅಪ್ಪನ ಮುಖ ನೋಡದೆ, "ಸಾರ್, ಇದನ್ನು ಇನ್‌ಸ್ಟಾಲ್ ಮಾಡಬೇಕಿತ್ತು" ಎಂದೆ. ಅಪ್ಪ ಕುರ್ಚಿಯಿಂದ ಎದ್ದು, "ಕೂತ್ಕೊಳ್ಳಿ ಮೇಡಂ" ಎಂದರು. ಸಂಜೆ ಮನೆಯಲ್ಲಿ ಇಬ್ಬರೂ ಆ ವಿಷಯ ಎತ್ತಲಿಲ್ಲ. ಹಾಗೆಯೇ ನಡೆದುಹೋಯಿತು.

ಮೊದಲ ತಪ್ಪು ಘಟಿಸಿದ್ದು ಒಂದು ಶನಿವಾರ. ಮಾಲೀಕರು ಅಪ್ಪನನ್ನು ಪಕ್ಕಕ್ಕೆ ಕೂರಿಸಿ, ತಾವೇ ಪ್ರೋಗ್ರಾಮಿನಲ್ಲಿ ಒಂದು ಕಾರ್ಡು ಮಾಡಿಸುವುದಾಗಿ ಹೊರಟರು. ಗ್ರಾಹಕರು ಒಬ್ಬ ತಾಯಿ, ಮಗಳ ಮದುವೆ. ಪರದೆಯಲ್ಲಿ ವಧುವಿನ ತಂದೆಯ ಹೆಸರು, ತಾಯಿಯ ಹೆಸರು ಎಂದು ನಾನು ಇಟ್ಟಿದ್ದ ಜಾಗಗಳನ್ನು ಮಾಲೀಕರು ತುಂಬಿದರು. ತಂದೆ ತೀರಿಕೊಂಡಿದ್ದಾರೆ ಎಂಬ ಗುರುತನ್ನೂ ಒತ್ತಿದರು. ಅಚ್ಚಾಗಿ ಬಂದ ಪ್ರೂಫಿನ ಮೊದಲ ಸಾಲು ಹೀಗಿತ್ತು: 'ದಿವಂಗತ ಶ್ರೀ ಇಂಥವರು ಮಾಡುವ ವಿಜ್ಞಾಪನೆಗಳು.'

ಕಾರ್ಡನ್ನು ಯಾವಾಗಲೂ ತಂದೆಯೇ ಕಳುಹಿಸುವುದೆಂದು ನಾನು ಬರೆದಿದ್ದೆ. ತೀರಿಕೊಂಡವರ ಹೆಸರಿನ ಮುಂದೆ 'ದಿವಂಗತ' ಸೇರಿಸಬೇಕೆಂದೂ ಬರೆದಿದ್ದೆ. ಎರಡೂ ನಿಯಮಗಳು ಪ್ರತ್ಯೇಕವಾಗಿ ಸರಿಯೇ. ಎರಡೂ ಕೂಡಿದಾಗ, ಸತ್ತವರು ಬಂಧುಬಳಗವನ್ನು ಮದುವೆಗೆ ಕರೆದುಬಿಟ್ಟಿದ್ದರು.

ಆ ತಾಯಿ ಕಾಗದವನ್ನು ನಿಧಾನವಾಗಿ ಓದಿದರು. ಸಿಟ್ಟು ಮಾಡಲಿಲ್ಲ. "ಇವರು ಕರೆಯೋ ಹಾಗಿದ್ದಿದ್ರೆ ನಾನ್ಯಾಕೆ ಸಾರ್ ಒಬ್ಬಳೇ ಇಲ್ಲಿಗೆ ಬರ್ತಿದ್ದೆ" ಎಂದರು.

ಮಾಲೀಕರು ನನ್ನ ಕಡೆ ನೋಡಿದರು. ನಾನು ಪರದೆಯ ಕಡೆ ನೋಡಿದೆ. ಅಪ್ಪ ಎದ್ದು ಬಂದು ಪ್ರೂಫನ್ನು ಮೆಲ್ಲನೆ ತಮ್ಮ ಕೈಗೆ ತೆಗೆದುಕೊಂಡು, ಮಡಚಿ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಕೇಳಿದರು: "ಧಾರೆ ಯಾರು ಎರೀತಾರಮ್ಮ?"

"ನಮ್ಮಕ್ಕ, ಭಾವ."

"ಹಾಗಾದ್ರೆ ಅವರ ಹೆಸರಲ್ಲಿ ಕರೆಯೋಣ. ನಿಮ್ಮ ಹೆಸರು, ಯಜಮಾನ್ರ ಹೆಸರು ಮಗಳ ಹೆಸರಿನ ಜೊತೆಗೆ ಬರುತ್ತೆ. 'ಇವರ ಮಗಳು' ಅಂತ. ಸರೀನಾ?"

ಅವರು ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಚಾಮರಾಜಪೇಟೆಗೆ ಹಿಂತಿರುಗಿ ನಾನು ನಡೆದದ್ದನ್ನೆಲ್ಲ ಹೇಳಿದೆ. ಅಪ್ಪನನ್ನು 'ಅಲ್ಲಿ ಜೋಡಿಸುವವರು' ಎಂದು ಕರೆದು ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದೆ. ಮೇಡಂ ಕೇಳಿದ್ದು ಒಂದೇ: "ಅವರು ಏನಂತ ಕೇಳಿದ್ರು? ಅದೇ ಮಾತಲ್ಲಿ ಹೇಳಿ."

"ಧಾರೆ ಯಾರು ಎರೀತಾರೆ ಅಂತ."

ಮೇಡಂ ಅದನ್ನು ಒಂದು ಕಾರ್ಡಿನ ಹಿಂಬದಿ ಬರೆದುಕೊಂಡರು. "ಈ ಪ್ರಶ್ನೆ ನಮ್ಮ ಪ್ರೋಗ್ರಾಮಲ್ಲಿ ಎಲ್ಲಿದೆ?"

"ಇಲ್ಲ ಮೇಡಂ."

"ಹೂಂ. ಗೊತ್ತಿಲ್ಲ ಅಂದಿದ್ರೆ ಇವರ ಮರ್ಯಾದೆ ಹೋಗ್ತಿರ್ಲಿಲ್ಲ. ಊಹೆ ಮಾಡಿದ್ರು ನೋಡಿ, ಅದೇ ತಪ್ಪಾಗಿದ್ದು." 'ಇವರು' ಎಂದರೆ ಪ್ರೋಗ್ರಾಮು. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ.

ನಾನು ಆ ಪ್ರಶ್ನೆಯನ್ನು ಸೇರಿಸಿದೆ. ಮರುವಾರ ಇನ್ನೊಂದು ಮನೆ, ಇನ್ನೊಂದು ಪದ್ಧತಿ. ಪ್ರತಿ ಸಲವೂ ನಾನು ಮೂಲ ಕೋಡು ತಿದ್ದಿ, ಇಡೀ ಪ್ರೋಗ್ರಾಮನ್ನು ಮತ್ತೆ ಸಿದ್ಧಮಾಡಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಮಾರ್ಕೆಟ್ಟಿನ ಪಕ್ಕದಿಂದ ಸುಲ್ತಾನ್‌ಪೇಟೆಗೆ ನಡೆಯುತ್ತಿದ್ದೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ಅಂಥದ್ದೇ ಒಂದು ದಿನ ಬಿಸಿಲಿನಲ್ಲಿ ಬೆವರಿ ಬಂದಾಗ ಮೇಡಂ ಹುರಿಗಡಲೆಯ ಡಬ್ಬಿಯನ್ನು ಟಪ್ಪೆಂದು ಮುಚ್ಚಿದರು.

"ಮನೆ ಕಟ್ಟೋದು ನಮ್ಮ ಕೆಲಸ. ಗೋಡೆ, ನಲ್ಲಿ, ಕರೆಂಟು. ಆದ್ರೆ ಅಡುಗೆಮನೇಲಿ ಸಾರಿನಪುಡಿ ಡಬ್ಬ ಎಲ್ಲಿಡ್ಬೇಕು ಅಂತ ಮೇಸ್ತ್ರಿ ಬಂದು ಹೇಳಿದ್ರೆ ಯಾರಾದ್ರೂ ಕೇಳ್ತಾರಾ? ನಾವು ಅದನ್ನೇ ಮಾಡ್ತಿದೀವಿ. ಇವರೊಳಗೆ ಒಂದು ಸಣ್ಣ ಭಾಷೆ ಕೂರಿಸೋಣ. ಡಬ್ಬ ಜೋಡಿಸೋದು ಗೊತ್ತಿರೋರು ಜೋಡಿಸ್ಕೊಳ್ಳಲಿ."

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ವಿವರಿಸಲು ಯತ್ನಿಸುತ್ತೇನೆ. ನಮ್ಮ ದೊಡ್ಡ ಪ್ರೋಗ್ರಾಮು ಪರದೆ, ಅಕ್ಷರ, ಮುದ್ರಣಗಳನ್ನು ನೋಡಿಕೊಳ್ಳುತ್ತದೆ. ಹೆಸರುಗಳ ಕ್ರಮವನ್ನು ಮಾತ್ರ ಅದು ತಾನಾಗಿ ನಿರ್ಧರಿಸುವುದಿಲ್ಲ. ನಿಯಮಗಳನ್ನು ಬರೆದಿಟ್ಟ ಒಂದು ಪುಟವನ್ನು ಆ ಹೊತ್ತಿನಲ್ಲಿ ತೆರೆದು ಓದಿ, ಅದು ಹೇಳಿದಂತೆ ನಡೆಯುತ್ತದೆ. ಆ ಪುಟವನ್ನು ಅಂಗಡಿಯವರೇ ತಿದ್ದಬಹುದು. ತಿದ್ದಿದ ಮೇಲೆ ನಾನು ಪೆನ್‌ಡ್ರೈವ್ ಹಿಡಿದು ಓಡಬೇಕಿಲ್ಲ. ಇದಕ್ಕಾಗಿ ಮೇಡಂ ಉಚಿತವಾಗಿ ಸಿಗುವ ಪುಟ್ಟದೊಂದು ಸ್ಕ್ರಿಪ್ಟ್ ಭಾಷೆಯನ್ನು ಆರಿಸಿ, ಅದನ್ನು ನಮ್ಮ ಪ್ರೋಗ್ರಾಮಿನೊಳಗೆ ಸೇರಿಸಿ, ಅದರ ಇಂಗ್ಲಿಷ್ ಪದಗಳಿದ್ದ ಕಡೆ ಕನ್ನಡ ಪದಗಳನ್ನಿಟ್ಟರು. ಒಳಗಿನ ಭಾಷೆಯಿಂದ ಹೊರಗಿನ ಪ್ರೋಗ್ರಾಮಿನ ಯಾವ ಯಾವ ವಸ್ತುಗಳನ್ನು ಮುಟ್ಟಬಹುದು ಎಂಬುದನ್ನು ನಾವೇ ತೀರ್ಮಾನಿಸಬೇಕಿತ್ತು. ನಾನು ಉತ್ಸಾಹದಿಂದ ಉದ್ದನೆಯ ಪಟ್ಟಿ ಮಾಡಿಕೊಟ್ಟೆ. ಅವರು ಪೆನ್ಸಿಲಿನಿಂದ ಮುಕ್ಕಾಲುಪಾಲು ಹೊಡೆದುಹಾಕಿದರು.

"ಬಾಗಿಲು ಕಮ್ಮಿ ಇರ್ಲಿ. ಹೆಸರು, ಸಂಬಂಧ, ಕಾರ್ಡಿನ ಸಾಲು, ಇಷ್ಟು ಸಾಕು. ಅಲ್ಲಿಂದ ಫೈಲ್ ಅಳಿಸೋಕಾಗ್ಬಾರ್ದು. ಬರೆಯೋರು ಹೆದರದೇ ತಪ್ಪು ಮಾಡ್ಬೇಕು ಅಂದ್ರೆ ಒಡೆಯೋ ಸಾಮಾನು ಕೈಗೆ ಸಿಗ್ಬಾರ್ದು."

ಇನ್ನು ಆ ನಿಯಮಗಳನ್ನು ಬರೆಯುವವರು ಯಾರು? ಅದನ್ನು ನೋಡಿಕೊಂಡು ಬರಲು ಮೇಡಂ ಒಂದು ಮಧ್ಯಾಹ್ನ ತಾವೇ ಆಟೋ ಹತ್ತಿ ಸುಲ್ತಾನ್‌ಪೇಟೆಗೆ ಹೋದರು. ನಾನು ಕಚೇರಿಯಲ್ಲೇ ಉಳಿದೆ. ಅಂದು ನನಗೆ ಒಂದು ಸಾಲೂ ಬರೆಯಲಾಗಲಿಲ್ಲ. ಹಿಂತಿರುಗಿದವರು, "ಒಳ್ಳೇವ್ರು. ಊಟದ ಹೊತ್ತಿಗೆ ಹೋದೆ, ಬಿಡ್ಲೇ ಇಲ್ಲ, ಡಬ್ಬಿ ಮುಚ್ಚಳದಲ್ಲೇ ನನಗೂ ಒಂದು ಪಾಲು ಹಾಕಿಕೊಟ್ರು" ಎಂದಷ್ಟೇ ಹೇಳಿದರು.

ಮರುದಿನ ನಾವು ಊಟಕ್ಕೆ ಕುಳಿತಾಗ ನನ್ನ ಡಬ್ಬಿಯ ಕಡೆ ಬಗ್ಗಿ ನೋಡಿದರು. "ಅದೇನು, ಹೀರೇಕಾಯಿ ಸಿಪ್ಪೆ ಚಟ್ನಿನಾ?"

"ಹೌದು ಮೇಡಂ. ನಿನ್ನೇದೇ, ಉಳಿದಿತ್ತು."

"ಅಮ್ಮ ಮಾಡಿದ್ದಾ?"

"ಹೌದು ಮೇಡಂ."

"ಕೊಡು ಸ್ವಲ್ಪ." ಬೆರಳಲ್ಲಿ ನೆಕ್ಕಿ ನೋಡಿದರು. "ಬೆಳ್ಳುಳ್ಳಿ ಹುರಿದು ಹಾಕ್ತಾರೆ ನಿಮ್ಮಮ್ಮ. ನಿನ್ನೆ ಸುಲ್ತಾನ್‌ಪೇಟೇಲೂ ಹಾಗೇ ಇತ್ತು."

ಅವರು ನನ್ನನ್ನು 'ನೀನು' ಎಂದದ್ದು ಅದೇ ಮೊದಲು. ನಾನು ತಲೆ ಎತ್ತಲಿಲ್ಲ.

"ಅಪ್ಪನ್ನ 'ಅಲ್ಲಿ ಜೋಡಿಸುವವರು' ಅಂತೀಯಲ್ಲ, ಯಾಕಮ್ಮ?"

ನನ್ನ ಬಾಯಿಂದ ಬಂದ ಉತ್ತರ ತೀರ ಅಸ್ತವ್ಯಸ್ತವಾಗಿತ್ತು. ತಪ್ಪು ತಿಳಿದುಕೊಂಡುಬಿಟ್ಟರೆ ಎಂದೆ. ಅಪ್ಪನ ಕೆಲಸ ಉಳಿಸುವುದಕ್ಕಾಗಿ ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೇನೆ ಎಂದು ನಿಮಗೆ ಅನಿಸಿದರೆ ಎಂದೆ. ಯುಗಾದಿಯ ಮಾತನ್ನೂ ಹೇಳಿದೆ. ಮೇಡಂ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಕೈತೊಳೆದು ಬಂದು ಕುಳಿತರು.

"ಗೊತ್ತಿಲ್ಲದ್ದನ್ನ ಗೊತ್ತು ಅನ್ನೋದು ತಪ್ಪು ಅಂತ ಇವರಿಗೆ ಕಲಿಸ್ತಿದೀವಿ. ಗೊತ್ತಿರೋದನ್ನ ಗೊತ್ತಿಲ್ಲ ಅನ್ನೋದೂ ಅಷ್ಟೇ ತಪ್ಪು. ಅದನ್ನ ನಿನಗೆ ಯಾರು ಕಲಿಸ್ಬೇಕು?" ಕೈ ಒರೆಸಿಕೊಳ್ಳುತ್ತಾ, "ನಾಳೆಯಿಂದ ನಿಮ್ಮಪ್ಪ ಸಂಜೆ ಒಂದು ಗಂಟೆ ಹೊತ್ತು ಇಲ್ಲಿಗೆ ಬರ್ಲಿ. ನಾನೇ ಹೇಳಿದೆ ಅಂತ ಹೇಳು" ಎಂದರು.

ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದರು. ಮೇಡಂ ಹೋಗಿ ಅದನ್ನು ಒಳಗಿಡಿಸಿ, ಅವರಿಗೆ ತಮ್ಮ ಕುರ್ಚಿಯನ್ನೇ ಕೊಟ್ಟರು. ನಾನು ನೋಡಿದ ಪಾಠಗಳಲ್ಲೆಲ್ಲ ಅದು ವಿಚಿತ್ರವಾದದ್ದು. ಮೇಡಂ ಕಲಿಸುತ್ತಿದ್ದದ್ದಕ್ಕಿಂತ ಹೆಚ್ಚಾಗಿ ಬರೆದುಕೊಳ್ಳುತ್ತಿದ್ದರು. ಅಪ್ಪನಿಗೆ ಕನ್ನಡದ ಕೀಲಿಮಣೆ ಸಲೀಸಾಗಿತ್ತು. ಒಂದು ವಿಷಯದಲ್ಲಿ ಮಾತ್ರ ಅವರು ಹಟ ಹಿಡಿದರು. ಪ್ರತಿ ನಿಯಮದ ಕೊನೆಯಲ್ಲಿ 'ಮುಗಿಯಿತು' ಎಂದು ಬರೆಯಬೇಕೆಂದು ಮೇಡಂ ಗೊತ್ತುಮಾಡಿದ್ದರು. ಅಪ್ಪ ಎರಡು ಬಾರಿ ಟೈಪ್ ಮಾಡಿ, ಎರಡು ಬಾರಿಯೂ ಅಳಿಸಿದರು.

"ಯಾಕೆ, ಕಷ್ಟ ಆಗ್ತಿದೆಯಾ?"

"ಕಷ್ಟ ಏನಿಲ್ಲ ಮೇಡಮ್ನೋರೇ. ಮದುವೆ ಪತ್ರಿಕೇಲಿ ಮುಗೀತು ಅಂತ ಬರೆಯೋಕೆ ಕೈ ಬರಲ್ಲ."

"ಅದು ಕಾರ್ಡಲ್ಲಿ ಬರಲ್ಲ, ಒಳಗಡೆ ಇರುತ್ತೆ. ಯಾರಿಗೂ ಕಾಣಲ್ಲ."

"ನನಗೆ ಕಾಣುತ್ತಲ್ಲ."

ಮೇಡಂ ಅವರನ್ನೇ ನೋಡಿದರು. "ಮತ್ತೆ ಏನಂತ ಇಡೋಣ?"

"ಶುಭಂ ಅಂತ ಇಡಿ."

ಅದೇ ಸಂಜೆ ಭಾಷೆ ಬದಲಾಯಿತು. ಅಪ್ಪ ಬರೆದ ಮೊದಲ ಪೂರ್ಣ ನಿಯಮ ನನಗೆ ಇಂದಿಗೂ ಬಾಯಿಪಾಠ:

ವಧುವಿನ_ತಂದೆ ದಿವಂಗತ ಆಗಿದ್ದರೆ
ಕರೆಯುವವರು = ಧಾರೆ_ಎರೆಯುವವರು
ಶುಭಂ

ಎಲ್ಲವೂ ಹೀಗೆ ಸುಗಮವಾಗಿ ನಡೆಯಿತೆಂದು ಬರೆದರೆ ಸುಳ್ಳಾದೀತು. 'ತಮ್ಮ ಆಗಮನವನ್ನು ಬಯಸುವವರು' ಎಂಬ ಕೊನೆಯ ಪಟ್ಟಿಗೆ ಅಪ್ಪ ಒಂದು ನಿಯಮ ಬರೆದರು: ಮನೆಯವರ ಹೆಸರಾದ ಮೇಲೆ ಅವರ ಬೀಗರ ಹೆಸರು ಹಾಕು, ಹೀಗೆ ಯಾರ ಹೆಸರು ಬಂದರೂ ಅವರ ಬೀಗರ ಹೆಸರನ್ನೂ ಹಾಕು. ಗುಂಡಿ ಒತ್ತಿದರು. ಪರದೆ ಕಲ್ಲಾಯಿತು. ಕಂಪ್ಯೂಟರಿನ ಫ್ಯಾನು ಜೋರಾಗಿ ತಿರುಗತೊಡಗಿತು. ಅಪ್ಪ ಕೈಗಳನ್ನು ಮಡಿಲಿಗೆ ಎಳೆದುಕೊಂಡುಬಿಟ್ಟರು. ಮೇಡಂ ಆ ಸಾಲುಗಳನ್ನು ಓದಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಲ್ರೀ, ಬೀಗರ ಬೀಗರು ನಾವೇ ಅಲ್ವೇನ್ರೀ? ಇವರು ಪಾಪ ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಓಡಾಡ್ತಿದಾರೆ."

ಅಪ್ಪನಿಗೂ ನಗು ಬಂತು. "ನಿಜವಾದ ಮದುವೇಲೂ ಹಾಗೇ ಮೇಡಮ್ನೋರೇ. ಹೆಸರು ಮುಗಿಯೋದೇ ಇಲ್ಲ, ಕಾರ್ಡಲ್ಲಿ ಜಾಗ ಮುಗಿಯುತ್ತೆ."

ಮರುದಿನ ಮೇಡಂ ಒಳಗಿನ ಭಾಷೆಯ ಹೆಜ್ಜೆಗಳನ್ನು ಎಣಿಸುವ ವ್ಯವಸ್ಥೆ ಮಾಡಿದರು. ಇಂತಿಷ್ಟು ಹೆಜ್ಜೆಗಳ ಒಳಗೆ ನಿಯಮ ಕೊನೆಗಾಣದಿದ್ದರೆ ಹೊರಗಿನ ಪ್ರೋಗ್ರಾಮು ಅದನ್ನು ನಿಲ್ಲಿಸಿ, ಒಂದು ಸಂದೇಶ ತೋರಿಸಬೇಕು. ಆ ಸಂದೇಶವನ್ನು ನಾನು ಬರೆದೆ: 'ದೋಷ: ಅನಂತ ಆವರ್ತನೆ. ಕಾರ್ಯ ಸ್ಥಗಿತಗೊಳಿಸಲಾಗಿದೆ.' ಮೇಡಂ ಅದನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರ ಧಾಟಿಯಲ್ಲಿ ಗಟ್ಟಿಯಾಗಿ ಓದಿದರು. ಪ್ರತಿಯೊಂದು ಸಂದೇಶವನ್ನೂ ಅವರು ಹಾಗೆ ಓದಿ ಪರೀಕ್ಷಿಸುತ್ತಿದ್ದರು.

"ಇದು ಯಾರಿಗೆ ಬೈತಿದೆ?"

"ಯಾರಿಗೂ ಇಲ್ಲ ಮೇಡಂ. ಇದು ಶುದ್ಧವಾಗಿದೆ ಅಂತ…"

"ಶುದ್ಧವಾಗೇ ಬೈತಿದೆ. ನಿನ್ನೆ ನಿಮ್ಮಪ್ಪ ಕೈ ಹೇಗೆ ಹಿಂದಕ್ಕೆ ಎಳ್ಕೊಂಡ್ರು ನೋಡಿದ್ಯಾ? ಆ ಕೈ ವಾಪಸ್ ಬರೋ ಹಾಗೆ ಬರಿ."

ಆರೇಳು ಬಾರಿ ತಿದ್ದಿದ ಮೇಲೆ ಉಳಿದದ್ದು ಇದು: 'ಪಟ್ಟಿ ಮುಗಿಯುವಂತೆ ಕಾಣುತ್ತಿಲ್ಲ, ನಿಲ್ಲಿಸಿದ್ದೇನೆ. ನಿಮ್ಮ ಕೆಲಸ ಏನೂ ಹಾಳಾಗಿಲ್ಲ.' ಯಾವ ನಿಯಮವೂ ಹೊಂದದೆ ಕರೆಯುವವರು ಯಾರೆಂಬುದೇ ಸಿಗದಿದ್ದಾಗ ಬರಬೇಕಾದ ಸಂದೇಶವನ್ನು ಮಾತ್ರ ಅವರು ನನಗೆ ಬಿಡದೆ ತಾವೇ ಬರೆದರು: 'ಕರೆಯುವವರು ಯಾರೆಂದು ನನಗೆ ತಿಳಿಯಲಿಲ್ಲ. ಮನೆಯವರನ್ನು ಕೇಳಿ.'

ಯುಗಾದಿಗೆ ಮೂರು ವಾರವಿತ್ತು. ಸಾಫ್ಟ್‌ವೇರ್ ಸಿದ್ಧವಾಗಿದೆ ಎಂದು ಮೇಡಂ ಅಂಗಡಿಗೆ ಹೋಗಿ ಮಾಲೀಕರ ಎದುರು ತೋರಿಸಿದರು. ಹತ್ತಾರು ಬಗೆಯ ಕಾರ್ಡುಗಳು ಒಂದೂ ತಪ್ಪಿಲ್ಲದೆ ಬಂದವು. ಮಾಲೀಕರಿಗೆ ಬಹಳ ಸಂತೋಷವಾಯಿತು. "ಹಾಗಾದ್ರೆ ಇನ್ನು ಇವರಿಗೆ ರೆಸ್ಟ್ ಕೊಡ್ಬಹುದು ಅನ್ನಿ" ಎಂದು ಅಪ್ಪನ ಕಡೆ ನೋಡಿ ನಕ್ಕರು. ಅವರು ಕೆಟ್ಟವರಲ್ಲ. ಹೊಸ ವಸ್ತು ಬಂದರೆ ಹಳೆಯದನ್ನು ಅಟ್ಟಕ್ಕೆ ಹಾಕಬೇಕೆಂದು ನಂಬಿದವರು, ಅಷ್ಟೆ. ಅಪ್ಪ ಪರದೆಯ ಧೂಳು ಒರೆಸುತ್ತಿದ್ದರು.

ಮೇಡಂ ನಿಯಮಗಳ ಪುಟವನ್ನು ತೆರೆದು ಕೀಲಿಮಣೆಯನ್ನು ಮಾಲೀಕರ ಮುಂದೆ ಸರಿಸಿದರು. "ಒಂದು ಗಿರಾಕಿ ಬಂದಿದಾರೆ ಅಂದ್ಕೊಳ್ಳಿ. ಹುಡುಗನ ತಾಯಿ ಇಲ್ಲ. ತಂದೆ ಇನ್ನೊಂದು ಮದುವೆ ಆಗಿದಾರೆ. ಹುಡುಗನ ಪಕ್ಕ ತಾಯಿ ಅಂತ ಯಾರ ಹೆಸರು ಹಾಕ್ತೀರಿ?"

ಮಾಲೀಕರು ಯೋಚಿಸಿದರು. "ಸತ್ತೋದವರದ್ದು… ಅಲ್ಲ, ಈಗಿರೋರದ್ದು. ಇಲ್ಲ ತಡೀರಿ." ಕೊನೆಗೆ ಅವರ ಕಣ್ಣು ತಾನಾಗಿ ಅಪ್ಪನ ಕಡೆ ತಿರುಗಿತು.

ಅಪ್ಪ ಬಟ್ಟೆ ಮಡಚುತ್ತಾ ಹೇಳಿದರು: "ಹುಡುಗನ್ನ ಸಾಕಿದ್ದು ಯಾರು ಅಂತ ಕೇಳ್ಬೇಕು ಸಾರ್. ಅದನ್ನೂ ತಂದೆ ಪಕ್ಕದಲ್ಲಿ ಇದ್ದಾಗ ಕೇಳ್ಬಾರ್ದು. ಹುಡುಗ ಒಬ್ಬನೇ ಪ್ರೂಫ್ ನೋಡೋಕೆ ಬರ್ತಾನಲ್ಲ, ಆಗ ಕೇಳ್ಬೇಕು."

ಮಾಲೀಕರು ಕೀಲಿಮಣೆಯನ್ನು ಮೆಲ್ಲನೆ ಮೇಡಂ ಕಡೆಗೆ ಹಿಂದಕ್ಕೆ ಸರಿಸಿದರು.

"ಈ ಪುಟ ಖಾಲಿ ಇದ್ರೆ ನನ್ನ ಸಾಫ್ಟ್‌ವೇರಿಗೆ ಏನೂ ಬರಲ್ಲ" ಎಂದು ಮೇಡಂ ಅಪ್ಪನ ಕಡೆ ಕೈ ತೋರಿಸಿದರು. "ಇದರಲ್ಲಿ ಇರೋದೆಲ್ಲ ಇವರು ಬರೆದಿದ್ದು. ನಾಳೆ ಬರೋ ಮನೆಗೆ ಇನ್ನೊಂದು ಬರೀಬೇಕು. ರೆಸ್ಟ್ ಕೊಡೋದಾದ್ರೆ ಮೊದಲು ನನಗೆ ಕೊಡಿ, ನನ್ನ ಕೆಲಸ ಮುಗೀತು."

ಮಾಲೀಕರು ತಲೆ ಕೆರೆದುಕೊಂಡು ನಕ್ಕರು. "ಸರಿ ಬಿಡಿ, ಇವರೇ ಬರ್ಕೊಂಡಿರ್ಲಿ. ಕುರ್ಚಿ ಹಳೇದಾಯ್ತು, ಒಂದು ಹೊಸದು ತರ್ಸೋಣ."

ಆ ಯುಗಾದಿಗೆ ಅಪ್ಪ ಅಂಗಡಿಯಲ್ಲೇ ಇದ್ದರು. ಆಮೇಲಿನ ವರ್ಷಗಳಲ್ಲೂ ಇದ್ದರು. ಬೀದಿಯ ಬೇರೆ ಅಂಗಡಿಗಳು ಸಾಫ್ಟ್‌ವೇರ್ ಕೊಂಡಾಗ ಮೇಡಂ ಪ್ರತಿಯೊಬ್ಬರಿಗೂ, "ನಿಯಮ ಬೇಕಾದ್ರೆ ಅವರಿಗೆ ಫೋನ್ ಮಾಡಿ, ನನಗಲ್ಲ" ಎಂದು ಅಪ್ಪನ ನಂಬರು ಕೊಟ್ಟರು. ದಿನವೂ ಸಂಜೆ ಅವರೇ ಅಪ್ಪನಿಗೆ ಫೋನ್ ಮಾಡಿ, "ಇವತ್ತು ಇವರೇನಾದ್ರೂ ಹೊಸದು ಕೇಳಿದ್ರಾ?" ಎಂದು ವಿಚಾರಿಸುತ್ತಿದ್ದರು.

ಕಳೆದ ಮಾರ್ಗಶಿರದಲ್ಲಿ ಮೇಡಂ ತೀರಿಕೊಂಡರು. ಹೆಚ್ಚು ದಿನ ಮಲಗಲಿಲ್ಲ. ಮಲ್ಲೇಶ್ವರದಲ್ಲಿರುವ ಅವರ ತಂಗಿ ಅಪ್ಪನಿಗೆ ಫೋನ್ ಮಾಡಿ, ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಕೊಡಬೇಕೆಂದು ಕೇಳಿದರು. ಅಪ್ಪನೂ ನಾನೂ ಲ್ಯಾಪ್‌ಟಾಪ್ ಹಿಡಿದು ಮೆಟ್ರೋದಲ್ಲಿ ಹೋಗಿ ಸಂಪಿಗೆ ರಸ್ತೆಯಲ್ಲಿ ಇಳಿದು ಅವರ ಮನೆಗೆ ನಡೆದೆವು. ಮದುವೆಯಲ್ಲದ ಕಾರ್ಡುಗಳಿಗೂ ಅಪ್ಪ ಆ ವೇಳೆಗೆ ನಿಯಮ ಬರೆದಿದ್ದರು; ನಡುಮನೆಯಲ್ಲಿ ಕುಳಿತು ವಿವರಗಳನ್ನು ತುಂಬಿದರು. ಹೆಸರು. ಪತಿ: ಖಾಲಿ. ಮಕ್ಕಳು: ಖಾಲಿ. ತಂದೆ, ತಾಯಿ: ದಿವಂಗತ. ಗುಂಡಿ ಒತ್ತಿದರು.

'ಕರೆಯುವವರು ಯಾರೆಂದು ನನಗೆ ತಿಳಿಯಲಿಲ್ಲ. ಮನೆಯವರನ್ನು ಕೇಳಿ.'

ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಏನಂತೆ?" ಎಂದರು ಮೇಡಂ ಅವರ ತಂಗಿ.

"ಮನೆಯವರನ್ನ ಕೇಳಿ ಅಂತಿದೆ ಅಮ್ಮ."

"ಯಾರು ಬರೆದಿದ್ದು ಅದನ್ನ?"

"ಮೇಡಂ ಅವರೇ" ಎಂದೆ ನಾನು.

ಅವರು ಪರದೆಯ ಕಡೆ ಬಗ್ಗಿ ಆ ಸಾಲನ್ನು ತಾವೇ ಓದಿದರು. "ಹಾಗಾದ್ರೆ ಕೇಳಿ" ಎಂದರು.

ಅಪ್ಪ ಕೇಳಿದರು, ಅವರು ಉತ್ತರಿಸಿದರು. ತಂಗಿಯ ಹೆಸರಿನಲ್ಲಿಯೇ ಕರೆಯುವುದೆಂದಾಯಿತು. ಕೆಳಗೆ 'ದುಃಖತಪ್ತರು' ಎಂಬ ಪಟ್ಟಿ. ಅವರ ಮನೆಯ ಮೂರು ಹೆಸರುಗಳಾದ ಮೇಲೆ ಅವರು ಹೇಳಿದರು: "ನಿಮ್ಮಿಬ್ಬರ ಹೆಸರೂ ಹಾಕಿ."

ಅಪ್ಪ ಗಾಬರಿಯಾದರು. "ಜೋಡಿಸೋರ ಹೆಸರು ಕಾರ್ಡಲ್ಲಿ ಬರ್ಬಾರ್ದಮ್ಮ. ಪದ್ಧತಿ ಇಲ್ಲ."

"ಮನೆಯವರನ್ನ ಕೇಳಿದ್ರಲ್ಲ, ಹೇಳ್ತಿದೀನಿ. ಹಾಕಿ."

ಮೂವತ್ತೈದು ವರ್ಷ ಬೇರೆಯವರ ಹೆಸರುಗಳನ್ನು ಜೋಡಿಸಿದ ಅಪ್ಪ ಅಂದು ಮೊದಲ ಬಾರಿಗೆ ತಮ್ಮ ಹೆಸರನ್ನು ಜೋಡಿಸಿದರು. ಎಲ್ಲರಿಗಿಂತ ಕೆಳಗೆ. ಅದರ ಪಕ್ಕ ನನ್ನ ಹೆಸರು. ಅದರ ಮುಂದೆ ಬಿ.ಸಿ.ಎ. ಎಂದು ಸೇರಿಸಿದರು. ಇಂಥ ಕಾರ್ಡಿನಲ್ಲಿ ಪದವಿ ಹಾಕುವುದಿಲ್ಲ ಎಂದು ನಾನು ಮೆಲ್ಲನೆ ನೆನಪಿಸಿದೆ. "ಹೌದಲ್ಲ" ಎಂದು ಅಳಿಸಿದರು.

ಆಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ಬರೆದು ಮುಗಿಸುತ್ತೇನೆ. ಮೇಡಂ ಅವರ ತಂಗಿ ಸಾಫ್ಟ್‌ವೇರನ್ನು ನಮಗೆ ಒಪ್ಪಿಸಿದ್ದಾರೆ; ಅದನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಅವರ ಮೇಜು ಮತ್ತು ಹುರಿಗಡಲೆಯ ಡಬ್ಬಿ ಓಕಳಿಪುರದ ನಮ್ಮ ಮನೆಯ ಕಿಟಕಿಯ ಪಕ್ಕ ಇವೆ. ಅಪ್ಪ ಅಂಗಡಿಯ ಕೆಲಸವನ್ನು ತಾವಾಗಿಯೇ ಬಿಟ್ಟು, ಆ ಮೇಜಿನಲ್ಲಿ ಕುಳಿತು ಬೀದಿಯ ಎಲ್ಲ ಅಂಗಡಿಗಳಿಗೂ ನಿಯಮ ಬರೆದುಕೊಡುತ್ತಾರೆ. ಮನೆ ಅದರಿಂದ ನಡೆಯುತ್ತಿದೆ. ಅಮ್ಮ ಈಗ ಒಂದೇ ಡಬ್ಬಿ ಕಟ್ಟುತ್ತಾರೆ, ನನ್ನದು. ವಾರಕ್ಕೊಮ್ಮೆ ನಾವಿಬ್ಬರೂ ಸುಲ್ತಾನ್‌ಪೇಟೆಗೆ ಒಟ್ಟಿಗೆ ಹೋಗುತ್ತೇವೆ. ಅಲ್ಲಿ, ಎಲ್ಲರ ಎದುರು, ನಾನು ಅವರನ್ನು ಅಪ್ಪ ಎಂದೇ ಕರೆಯುತ್ತೇನೆ. ಅವರು ನನ್ನನ್ನು ಮೇಡಂ ಎನ್ನುವುದನ್ನು ಬಿಟ್ಟಿದ್ದಾರೆ.